ತಗಡಿನ ಹಾಡಿನ ಗೋಡೆ

ನಮ್ಮೂರಿನಲ್ಲಿ ಹಾಡಿದ್ದು ಚಿತ್ರವಾಗಿ ಗೋಡೆಗೆ ಹತ್ತುತ್ತದೆ. ಹಾಗಾಗಿ ಬಾಯಿ ತೆರೆಯುವ ಮೊದಲು ಯಾರ ಗೋಡೆ ಹತ್ತಿರವಿದೆ ಎಂದು ನೋಡಿಕೊಳ್ಳುವುದು ಇಲ್ಲಿಯ ಮರ್ಯಾದೆ. ಜೋಗುಳ ಹಾಡಿದ ಮನೆಯಲ್ಲಿ ಬೆಳಗಾಗುವಷ್ಟರಲ್ಲಿ ತೊಟ್ಟಿಲ ಪಕ್ಕದ ಗೋಡೆಯ ಮೇಲೆ ಮೊಲಗಳು ಕೂತಿರುತ್ತವೆ. ಬ್ಯಾಂಡಿನವರು ದಿಬ್ಬಣದ ಜೊತೆ ಹಾದುಹೋದ ಬೀದಿಯುದ್ದಕ್ಕೂ ಕುದುರೆ, ಕೊಡೆ, ಪೇಟದ ತುದಿ. ಭಜನೆಯಾದರೆ ದೀಪ, ಬಳ್ಳಿ, ಕರು. ಶ್ರುತಿ ತಪ್ಪಿ ಹಾಡಿದರೆ ಕರುವಿಗೆ ಐದು ಕಾಲು ಬರುತ್ತದೆ, ಮತ್ತು ಅದನ್ನು ಊರೆಲ್ಲ ನೋಡಿಕೊಂಡು ಹೋಗುತ್ತದೆ.

ಮೂಡಿದ ಗೋಡೆಯನ್ನು ಆಡುವುದು ಸಂಜೆಯ ಕೆಲಸ. ಒಬ್ಬರು ಗೋಡೆಯ ಪಕ್ಕ ನಿಂತು ದಾರಿ ಹೇಳುತ್ತಾರೆ: ಮುಂದೆ ಹೊಳೆ ಇದೆ, ದೋಣಿ ಇಲ್ಲ, ಏನು ಮಾಡುತ್ತೀ? ಆಡುವವರು ಎದ್ದು ನಿಂತು, ಗೋಡೆಯೊಳಗೆ ಹೊಕ್ಕವರಂತೆ ಉತ್ತರ ಕೊಡುತ್ತಾರೆ. ಅಂದುಕೊಂಡದ್ದು ಆಗುತ್ತದೋ ಇಲ್ಲವೋ ಎಂಬುದನ್ನು ಕವಡೆ ಹೇಳುತ್ತದೆ. ಬಾಯಿ ಮೇಲಾಗಿ ಬಿದ್ದಷ್ಟೂ ಒಳ್ಳೆಯದು. ಉಳಿದವರು ಕೂತು ಕೇಳುತ್ತಾರೆ. ಬಾಯಿಂದ ಬಿದ್ದದ್ದೇ ನಡೆ ಎಂಬುದು ಮೊದಲ ಕಟ್ಟಳೆ. ತಮಾಷೆಗೆ ಬಾವಿಗೆ ಹಾರುತ್ತೇನೆ ಅಂದರೂ ಹಾರಿದಂತೆಯೇ. ಇನ್ನೊಂದು ಕಟ್ಟಳೆ, ಯಾವ ಗೋಡೆಗೆ ಸುಣ್ಣ ಬಳಿಯಬೇಕೆಂದು ತೀರ್ಮಾನಿಸುವ ಸುಣ್ಣದ ಕಮಿಟಿಯದು. ಕಮಿಟಿಯ ಹಿರಿಯರು ಎದುರಿಗೆ ಕೂತು ಕೇಳುತ್ತಾರೆ. ಅವರು ನಡುವೆ ಎದ್ದರೆ ಗೋಡೆ ಬಿತ್ತು ಎಂದರ್ಥ. ಮರುದಿನ ಅದಕ್ಕೆ ಸುಣ್ಣ, ಆ ಗೋಡೆಯವರು ಆಡುತ್ತಿದ್ದ ಸಂಜೆ ಮುಂದೆ ಬೇರೆಯವರ ಪಾಲಿಗೆ.

ನಾನು ಇದ್ದದ್ದು ಹುಡುಗಿಯರ ಹಾಸ್ಟೆಲಿನಲ್ಲಿ. ನಮ್ಮ ಕಾಂಪೌಂಡಿನ ಹೊರಗೋಡೆ ಸಂತೆ ಬಯಲಿಗೆ ಮುಖಮಾಡಿತ್ತು, ಅದೇ ನಮ್ಮ ಗೋಡೆ. ಹಾಸ್ಟೆಲಿನ ಗೇಟಿಗೆ ದೀಪ ಹಚ್ಚುವ ಹೊತ್ತಿಗೆ ಬೀಗ ಬೀಳುತ್ತಿತ್ತು. ಗೋಡೆ ಆಡುವ ಸಂಜೆ ಮಾತ್ರ ಆಟ ಮುಗಿಯುವವರೆಗೆ ತೆರೆದಿರುತ್ತಿತ್ತು. ಆ ಹೊತ್ತಿನಲ್ಲಿ ನಾವು ಬಯಲಿನಲ್ಲಿ ಓಡಾಡುತ್ತಿದ್ದೆವು, ಮಿರ್ಚಿ ಬಜ್ಜಿ ತಿನ್ನುತ್ತಿದ್ದೆವು, ಜಗಳ ಆಡುತ್ತಿದ್ದೆವು, ಸುಮ್ಮನೆ ನಿಲ್ಲುತ್ತಿದ್ದೆವು. ಗೋಡೆ ಹೋದರೆ ಇದಷ್ಟೂ ಹೋಗುತ್ತಿತ್ತು. ಕಲೆ ಗಿಲೆ ಎಂದು ನಾನು ಹೇಳುವುದಿಲ್ಲ. ನನಗೆ ಬೇಕಾಗಿದ್ದದ್ದು ಸಂಜೆ.

ನಮ್ಮ ಹಾಸ್ಟೆಲಿನ ಆಟಕ್ಕೆ ದಾರಿ ಹೇಳುವವಳು ನಾನೇ. ಲೈಬ್ರರಿಯ ಪುಸ್ತಕಗಳನ್ನೆಲ್ಲ ಓದಿದವಳು ಎಂದು ನನ್ನನ್ನು ಮುಂದೆ ನೂಕಿದ್ದರು. ಆದರೆ ನಮ್ಮ ಗೋಡೆಯ ಮೇಲೆ ಮೂಡುತ್ತಿದ್ದದ್ದು ಬೆಳಗಿನ ಪ್ರಾರ್ಥನೆ. ಎಷ್ಟೇ ತಿರುಚಿದರೂ ಕೊನೆಗೆ ಒಂದು ಕರು ಕಳೆದುಹೋಗಿರುತ್ತಿತ್ತು, ಅದನ್ನು ಹುಡುಕಬೇಕಿತ್ತು. ಒಂದು ಸಂಜೆ ಕಮಿಟಿಯ ಹಿರಿಯ ಗುರುಪಾದಪ್ಪ ನನ್ನ ಆಟದ ನಡುವೆ ಗೊರಕೆ ಹೊಡೆದರು. ಎಚ್ಚರವಾದ ಮೇಲೆ ಮೀಸೆ ಒರೆಸಿಕೊಂಡು ಕೇಳಿದರು.

"ಕರಾ ಸಿಕ್ತೇನವಾ?"

"ಸಿಕ್ತ್ರಿ ಅಜ್ಜಾರ."

"ಹೋದ ಸಲಾನೂ ಸಿಕ್ಕಿತ್ತು. ಅದರ ಕೊಳ್ಳಿಗೆ ಒಂದು ಹಗ್ಗಾನರ ಕಟ್ಟಬಾರದ?" ಬಯಲೆಲ್ಲ ನಕ್ಕಿತು. ಅವರು ನಗಲಿಲ್ಲ. "ಎದ್ದು ಹೋಗಬೇಕಂದ್ರ ನಿದ್ದಿ ಹತ್ತಿತ್ತು, ಅದಕ್ಕ ನಿಮ್ಮ ಗ್ವಾಡಿ ಉಳದೈತಿ. ಅಮಾಸಿಗೆ ಮತ್ತ ಬರ್ತೀನಿ. ಹೊಸಾದು ಏನರ ಇದ್ರ ಆಡ್ರಿ. ಇಲ್ಲಂದ್ರ ಸುಣ್ಣಾ ಕಲಸೋದ."

ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ನನಗೂ ನಿದ್ದೆ ಬರುತ್ತಿತ್ತು.

ನನ್ನ ಪಕ್ಕದ ಮಂಚದವಳು ಮೆಹರುನ್ನಿಸಾ. ಅವಳ ಅಣ್ಣ ಹಡಗಿನಲ್ಲಿ ಕೆಲಸ ಮಾಡುತ್ತಿದ್ದ. ಬಂದಾಗಲೆಲ್ಲ ಹೆವಿ ಮೆಟಲ್ ಎಂಬ ಅಬ್ಬರದ ಸಂಗೀತದ ಕ್ಯಾಸೆಟ್ಟುಗಳನ್ನು ತರುತ್ತಿದ್ದ, ಒಮ್ಮೆ ಗಿಟಾರನ್ನೂ ತಂದಿದ್ದ. ಊರಿನವರು ಆ ಸಂಗೀತಕ್ಕೆ ತಗಡಿನ ಹಾಡು ಎನ್ನುತ್ತಿದ್ದರು. ಹೆಸರು ಸರಿಯಾಗಿಯೇ ಇತ್ತು, ಯಾಕೆಂದರೆ ಮೆಹರು ಅದನ್ನು ನುಡಿಸುತ್ತಿದ್ದದ್ದು ಕೊಟ್ರಪ್ಪನ ಟ್ರಂಕಿನ ಕಾರ್ಖಾನೆಯಲ್ಲಿ. ಕೊಟ್ರಪ್ಪ ಟ್ರಂಕು, ಕಾಳಿನ ಡಬ್ಬಿ, ಕಪಾಟು ಮಾಡುವವನು. ಬೆಳಗಿನಿಂದ ತಗಡು ಬಡಿಯುವವನಿಗೆ ಮಧ್ಯಾಹ್ನ ತಾಳಕ್ಕೆ ಬಡಿಯುವುದು ವಿಶ್ರಾಂತಿಯಂತೆ. ಬಡಿತದಲ್ಲಿ ಬಡಿತ ಕೇಳಿಸುವುದಿಲ್ಲವೆಂದು ಅಕ್ಕಪಕ್ಕದವರೂ ಸುಮ್ಮನಿದ್ದರು.

ಅಮಾವಾಸ್ಯೆಯ ಚಿಂತೆಯಲ್ಲಿ ನಾನು ಅಲ್ಲಿಗೆ ಹೋದೆ. ಗೋಡೆಗಳು ಹೊಗೆ ಹಿಡಿದು ಕಪ್ಪಾಗಿದ್ದವು. ಏನೂ ಕಾಣಲಿಲ್ಲ. ಕೊಟ್ರಪ್ಪ ಒಂದು ಕಪಾಟಿನ ಕಾಲಿಗೆ ವೆಲ್ಡಿಂಗ್ ಹಚ್ಚಿದ. ಆ ನೀಲಿ ಬೆಳಕಿನಲ್ಲಿ ಗೋಡೆ ಕಂಡಿತು.

ತಲೆಯಿಲ್ಲದ ಸವಾರನೊಬ್ಬ ತನ್ನ ತಲೆಯನ್ನು ಕಂದೀಲಿನಂತೆ ಮುಂದೆ ಹಿಡಿದು ಕಣಿವೆಗೆ ಇಳಿಯುತ್ತಿದ್ದ. ಹಲ್ಲುಗಳಿಂದ ಕಟ್ಟಿದ ಗೋಪುರವಿತ್ತು. ಒಬ್ಬ ಮುದುಕಿ ಸೂರ್ಯನಿಗೆ ಸರಪಳಿ ಹಾಕಿ ಗುಡ್ಡದ ಮೇಲಕ್ಕೆ ಎಳೆಯುತ್ತಿದ್ದಳು, ಅವಳ ಕಾಲ ಕೆಳಗಿನ ಬಂಡೆ ಬಿರಿಯುತ್ತಿತ್ತು. ಬೆಳಕು ಆರಿತು. ಮತ್ತೆ ಹತ್ತಿತು. ನಾನು ಕೂತಲ್ಲಿಂದ ಏಳಲಿಲ್ಲ.

"ಕಣ್ಣಿಗೆ ಬಡೀತೈತಿ, ಆ ಕಡೆ ನೋಡಬ್ಯಾಡ್ರಿ ಅಕ್ಕಾರ," ಎಂದ ಕೊಟ್ರಪ್ಪ.

"ಆ ಮುದುಕಿ ಯಾರು?"

"ನನಗೇನು ಗೊತ್ತು. ಎರಡನೇ ಹಾಡು ಬಾರಿಸಿದ್ರ ಬರ್ತಾಳ."

ನನಗೆ ಅಲ್ಲಿಯೇ ಒಂದು ವಿಷಯ ತಿಳಿಯಿತು. ಪ್ರಾರ್ಥನೆಯ ಗೋಡೆಯಲ್ಲಿ ಎಲ್ಲವೂ ಆಗಿಹೋಗಿರುತ್ತದೆ. ದೀಪ ಉರಿಯುತ್ತಿದೆ, ಕರು ಮಲಗಿದೆ, ಇನ್ನು ಮಾಡಲಿಕ್ಕೆ ಏನಿದೆ? ಈ ಗೋಡೆಯಲ್ಲಿ ಎಲ್ಲವೂ ಇನ್ನೇನು ಆಗಬೇಕು. ಸರಪಳಿ ಕಡಿಯಬೇಕು, ಅಥವಾ ಕಡಿಯಬಾರದು. ಸವಾರ ತಲುಪಬೇಕು. ಗೋಪುರದ ಮೇಲೆ ಯಾರಿದ್ದಾರೆಂದು ಯಾರಾದರೂ ಹತ್ತಿ ನೋಡಬೇಕು. ಹಾಡುಗಳ ಮಾತು ನಮ್ಮ ಭಾಷೆಯದಲ್ಲ, ಒಂದು ಪದವೂ ಅರ್ಥವಾಗುತ್ತಿರಲಿಲ್ಲ. ಅದು ಇನ್ನೂ ಒಳ್ಳೆಯದೇ ಆಯಿತು. ಕಥೆ ಹೇಳುವ ಕೆಲಸ ನನಗೇ ಉಳಿಯಿತು.

ಮೊದಲ ಸಲ ಕೆಡಿಸಿದೆ. ಕ್ಯಾಸೆಟ್ಟಿನ ಹೊದಿಕೆಯ ಚಿತ್ರಗಳನ್ನೆಲ್ಲ ನೋಡಿ, ಕಂಡ ಕಂಡ ದೆವ್ವಗಳನ್ನೆಲ್ಲ ಸಾಲಾಗಿ ನಿಲ್ಲಿಸಿ, ಅಭ್ಯಾಸಕ್ಕೆಂದು ಮೆಸ್ಸಿನ ಮೇಜಿನ ಸುತ್ತ ಒಂದು ಆಟ ಹೂಡಿದೆ. ಆಡಲು ಕೂತವರು ಅಡಿಗೆಯ ಸತ್ಯವ್ವ ಮತ್ತು ನನ್ನ ಕ್ಲಾಸಿನ ಇಂದುಮತಿ. ಒಂದು ದೆವ್ವವನ್ನು ಕೊಂದರು, ಎರಡನೆಯದನ್ನು ಕೊಂದರು. ಮೂರನೆಯದು ಬಂದಾಗ ಸತ್ಯವ್ವ ಎದ್ದು ಬೇಳೆ ನೋಡಲು ಹೋದಳು.

"ಇದೂ ಕರಾನ. ಕೊಂಬು ಉದ್ದ ಅದಾವು, ಅಷ್ಟ," ಎಂದು ಒಳಗಿನಿಂದ ಕೂಗಿದಳು.

ಮೆಹರು ಕಿಟಕಿಯ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದಳು. "ದಾಕ್ಷಿ, ನೀ ಬರೇ ಹೊದಿಕಿ ನೋಡಾಕತ್ತಿ. ಹಾಡು ಕೇಳವಲ್ಲಿ."

"ಕೇಳಿ ಕಿವಿ ತೂತು ಬಿದ್ದಾವು."

"ಹಂಗಲ್ಲ. ಬಾ ಇಲ್ಲಿ." ಅವಳು ಗಿಟಾರಿನ ದಪ್ಪ ತಂತಿಯನ್ನು ಒಂದೇ ಕಡೆ ಒತ್ತಿ, ನಿಧಾನಕ್ಕೆ, ಕಟ್ಟಿಗೆ ಕಡಿಯುವವಳಂತೆ ಬಾರಿಸತೊಡಗಿದಳು. "ಇದು ನಡಿಗಿ. ಭಾರ ಹೊತ್ತಾರ, ಇನ್ನೂ ಏನೂ ಬಂದಿಲ್ಲ. ಬರತೈತಿ ಅಂತ ಮಾತ್ರ ಗೊತ್ತೈತಿ. ಇದನ್ನ ಎಷ್ಟು ಹೊತ್ತು ಎಳಿತೀಯೋ ಅಷ್ಟು ಚಲೋ. ಆಮ್ಯಾಲೆ ಓಟ. ಆಮ್ಯಾಲೆ ಒಮ್ಮಿಗೇ ನಿಲ್ಲಸತಾರ. ಸುಮ್ಮ. ಆ ಸುಮ್ಮಿದ್ದಾಗ ಜನ ಉಸಿರು ಹಿಡೀತಾರ. ನೀ ಮೊದಲನೇ ಮಿನಿಟಿಗೇ ಕತ್ತಿ ಕೊಟ್ಟು ಕೂತೀದಿ."

ಅಂದಿನಿಂದ ನಾನು ಆಟವನ್ನು ಹಾಡಿನ ಹಾಗೆ ಕಟ್ಟಿದೆ. ಬಹಳ ಹೊತ್ತು ನಡಿಗೆ. ಹೊತ್ತ ಭಾರ ಏನೆಂದು ಆಡುವವರೇ ಹೇಳಬೇಕು. ಸತ್ಯವ್ವ ಸತ್ತ ಊರಿನ ಗಂಟೆಯೊಂದನ್ನು ಹೊತ್ತಳು, ನಾನು ಹೇಳಿಕೊಟ್ಟದ್ದಲ್ಲ. ಇಂದುಮತಿ ಮೊಂಡು ಕತ್ತಿ ಹಿಡಿದಳು, ಹರಿತದ್ದು ಕೊಡುತ್ತೇನೆ ಅಂದರೆ ಬೇಡ ಅಂದಳು. ಬೇಳೆ ಸೀದುಹೋಯಿತು. ಯಾರೂ ಬೈಯಲಿಲ್ಲ.

ಅಮಾವಾಸ್ಯೆಯ ಮಧ್ಯಾಹ್ನ ಕೊಟ್ರಪ್ಪ ತನ್ನ ಡ್ರಮ್ಮುಗಳನ್ನು ತಳ್ಳುಗಾಡಿಯಲ್ಲಿ ಹೇರಿಕೊಂಡು ಬಂದು ನಮ್ಮ ಗೋಡೆಯ ಮುಂದೆ ಇಳಿಸಿದ. ಅರ್ಧ ಡ್ರಮ್ಮು ಅಂಗಡಿಯಿಂದ ತಂದದ್ದು, ಅರ್ಧ ಅವನೇ ಬಗ್ಗಿಸಿದ ತಗಡು. ಮೆಹರು ಗಿಟಾರಿನ ವೈರನ್ನು ಹಾಸ್ಟೆಲಿನ ಕಿಟಕಿಯಿಂದ ಎಳೆದಳು. ಅವರು ಬಾರಿಸಿದ ಮೊದಲ ಏಟಿಗೆ ಸಂತೆ ಬಯಲಿನ ನಾಯಿಗಳೆಲ್ಲ ಎದ್ದು ಬೇರೆ ಓಣಿಗೆ ಹೋದವು. ಗೋಡೆ ಮೂಡತೊಡಗಿತು. ಎಡಗಡೆ ಸುಟ್ಟ ಕಾಡು. ಕಾಡಿನಿಂದ ಹೊರಟ ದಾರಿ. ದಾರಿಯ ಕೊನೆಗೆ, ಗೋಡೆಯ ಇಡೀ ಬಲಗಡೆಯನ್ನು ತುಂಬಿಕೊಂಡು, ಒಂದು ಕಬ್ಬಿಣದ ಬಾಗಿಲು. ಬಾಗಿಲಿನ ಮುಂದೆ ಕಿರೀಟ ತೊಟ್ಟ ಎಲುಬಿನ ರಾಜ, ಮೂರಾಳೆತ್ತರ, ಮೊಣಕಾಲಿನ ಮೇಲೆ ಕೊಡಲಿ ಇಟ್ಟುಕೊಂಡು ಕೂತಿದ್ದ.

ಬಿಸಿಲು ಇಳಿಯುವಾಗ ಜನ ಬಂದರು. ತಾಯಂದಿರು ಮಕ್ಕಳ ಕಣ್ಣು ಮುಚ್ಚಿದರು, ಮಕ್ಕಳು ಬೆರಳಸಂದಿಯಿಂದ ನೋಡಿದರು. ಗುರುಪಾದಪ್ಪ ಶಲ್ಯ ಹೊದ್ದುಕೊಂಡು ಬಂದು ಮುಂದಿನ ಸಾಲಿನ ಚಾಪೆಯ ಮೇಲೆ ಕೂತರು, ಚಪ್ಪಲಿ ಪಕ್ಕದಲ್ಲಿಟ್ಟುಕೊಂಡರು. ಗೋಡೆಯನ್ನು ಮೇಲಿಂದ ಕೆಳಗೆ ನೋಡಿದರು.

"ಇದೇನವಾ, ಮಸಣಾ ತಂದು ಸಂತ್ಯಾಗ ಇಟ್ಟೀರಿ?"

"ಹೊಸಾದು ಕೇಳಿದ್ರೆಲ್ರಿ ಅಜ್ಜಾರ."

"ಹೊಸಾದು ಅಂದ್ನೆ. ಹೆಣಾ ಅಂದ್ನೇನು?" ಹಿಂದಿನಿಂದ ಯಾರೋ ನಕ್ಕರು. "ಹೂಂ, ನಡೀಲಿ."

ಸತ್ಯವ್ವ, ಇಂದುಮತಿ ಎದ್ದು ನಿಂತರು. ನಾನು ದಾರಿ ಹೇಳತೊಡಗಿದೆ. ಮೆಹರು ಹಿಂದಿನಿಂದ ಆ ಒಂದೇ ತಂತಿಯನ್ನು ಮೆಲ್ಲಗೆ ಕಡಿಯುತ್ತಿದ್ದಳು. ಸುಟ್ಟ ಕಾಡನ್ನು ದಾಟುವುದರಲ್ಲೇ ಸಂಜೆಯ ಅರ್ಧ ಕಳೆಯಿತು, ಬೇಕೆಂದೇ. ಸತ್ಯವ್ವನ ಗಂಟೆ ಬೂದಿಯಲ್ಲಿ ಹೂತುಕೊಂಡಿತು, ಅವಳು ಮಾತಿನಲ್ಲೇ ತೋಡಿ ತೆಗೆದಳು. ಬಯಲು ಸದ್ದಿಲ್ಲದೆ ಕೇಳುತ್ತಿತ್ತು. ನನಗೆ ಧೈರ್ಯ ಬಂತು. ಆಮೇಲೆ ಬಾಗಿಲಿಗೆ ಬಂದೆವು, ಎಲ್ಲ ಕೆಟ್ಟಿತು.

ಇಂದುಮತಿ ಮೊಂಡು ಕತ್ತಿಯಿಂದ ರಾಜನ ಮೊಣಕಾಲಿಗೆ ಹೊಡೆದಳು. ಕವಡೆ ಎಲ್ಲ ಬೋರಲು. ಕತ್ತಿ ಮುರಿಯಿತು. ಸತ್ಯವ್ವ ಊರಿನ ಪದ್ಧತಿಯಂತೆ, ಗೋಡೆಯಲ್ಲಿ ದೊಡ್ಡದಾಗಿ ಕಂಡವರನ್ನು ದೇವರೆಂದು ತಿಳಿದು, ಕೈಮುಗಿದು ವರ ಕೇಳಿದಳು. ಕವಡೆ ಮತ್ತೆ ಬೋರಲು. ರಾಜ ಸುಮ್ಮನೆ ಕೂತಿದ್ದ. ಇಬ್ಬರೂ ನನ್ನ ಮುಖ ನೋಡಿದರು. ದಾರಿ ಹೇಳುವವಳು ನಡೆ ಹೇಳಿಕೊಡುವಂತಿಲ್ಲ. ಇಂದುಮತಿ ಮತ್ತೆ ಹೊಡೆದಳು, ಕೈಯಲ್ಲಿ ಹಿಡಿಕೆ ಮಾತ್ರ ಇತ್ತು. ಹಿಂದಿನ ಸಾಲಿನಲ್ಲಿ ಮಾತು ಶುರುವಾಯಿತು. ಮಿರ್ಚಿಯವಳು ಬಾಂಡಲಿ ಸದ್ದು ಮಾಡಿದಳು. ಒಂದು ಮಗು ಅತ್ತಿತು. ನಡಿಗೆ ಎಳೆದದ್ದು ಹೆಚ್ಚಾಗಿತ್ತೋ, ಬಾಗಿಲು ದಪ್ಪವಾಗಿತ್ತೋ, ನನಗೆ ಗೊತ್ತಾಗಲಿಲ್ಲ. ಗೊತ್ತಾದದ್ದು ಒಂದೇ: ಗುರುಪಾದಪ್ಪ ಶಲ್ಯ ಸರಿಮಾಡಿಕೊಳ್ಳುತ್ತಿದ್ದರು.

ಅವರು ಒಂದು ಕೈಯನ್ನು ನೆಲಕ್ಕೂರಿ ಎದ್ದರು. ಚಪ್ಪಲಿಯಲ್ಲಿ ಒಂದು ಸಿಕ್ಕಿತು, ಇನ್ನೊಂದು ಯಾರದೋ ಕಾಲಿನ ಕೆಳಗೆ ಹೋಗಿತ್ತು. ಸಿಕ್ಕಿದ್ದನ್ನು ಕೈಯಲ್ಲಿ ಹಿಡಿದುಕೊಂಡು, ಸಭೆಯಿಂದ ಏಳುವ ಯಾರಾದರೂ ಹೇಳುವುದನ್ನೇ ಹೇಳಿದರು.

"ಆತು ಬಿಡ್ರವಾ. ನಾ ಬರ್ತೀನಿ."

ಗಿಟಾರು ನಿಂತಿತು. ಕೊಟ್ರಪ್ಪನ ಕೋಲು ಮೇಲೆಯೇ ನಿಂತಿತು. ಮೆಹರು ಹೇಳಿದ್ದ ಆ ಸುಮ್ಮನಿರುವ ಹೊತ್ತು ಯಾರೂ ಕರೆಯದೆ ತಾನಾಗಿಯೇ ಬಂದಿತ್ತು. ನಾನು ಯೋಚನೆ ಮಾಡಲಿಲ್ಲ. ಬಾಯಿ ತಾನೇ ತೆರೆಯಿತು.

"ಬರ್ರಿ ಅಜ್ಜಾರ," ಎಂದೆ. "ಸುಟ್ಟ ಕಾಡಿನ ದಾರಿಯಿಂದ ಇನ್ನೊಬ್ಬರು ಬಂದರು. ಹೆಗಲಿಗೆ ಶಲ್ಯ, ಕೈಯಲ್ಲಿ ಒಂದು ಚಪ್ಪಲಿ. ಎಲುಬಿನ ರಾಜ ಮೊದಲ ಸಲ ತಲೆ ಎತ್ತಿ ನೋಡಿದ."

"ಏ, ಹುಚ್ಚಿ. ನಾ ಮನಿಗೆ ಹೊಂಟೀನಿ."

"ಬರ್ತೀನಿ ಅಂದ್ರಿ. ಬಾಯಿಂದ ಬಿದ್ದದ್ದ ನಡೆ."

"ಅದು ಆ ಬರ್ತೀನಿ ಅಲ್ಲ."

"ಹಂಗಾರ ಯಾವುದನ್ನಬೇಕಿತ್ತೋ ಅದನ್ನ ಅನ್ರಿ," ಎಂದಳು ಸತ್ಯವ್ವ, ನಡು ಮೇಲೆ ಕೈಯಿಟ್ಟು. "ಹೋಗ್ತೀನಿ ಅನ್ರಿ. ಬಿಟ್ಟು ಬಿಡ್ತೀವಿ."

ಗುರುಪಾದಪ್ಪ ಬಾಯಿ ತೆರೆದರು. ಮುಚ್ಚಿದರು. ಅಮಾವಾಸ್ಯೆ, ದೀಪ ಹಚ್ಚುವ ಹೊತ್ತು, ಎದುರಿಗೆ ಮೂರಾಳೆತ್ತರದ ಎಲುಬು, ಸುತ್ತಲೂ ಊರು. ಅಂಥಲ್ಲಿ ನಿಂತು ಹೋಗ್ತೀನಿ ಎಂದು ಬಾಯಿಬಿಟ್ಟು ಹೇಳುವ ಮನುಷ್ಯ ನಮ್ಮ ಊರಿನಲ್ಲಿ ಹುಟ್ಟಿಲ್ಲ. ಅವರು ಮತ್ತೊಮ್ಮೆ ಪ್ರಯತ್ನ ಮಾಡಿದರು, ಹೋ ಎಂಬಲ್ಲಿಗೆ ನಿಂತರು. ಎರಡನೆಯ ಸಾಲಿನಿಂದ ಅವರ ಹೆಂಡತಿ ನೀಲಮ್ಮ, "ರೀ, ಅನಬ್ಯಾಡ್ರಿ ಮತ್ತ," ಎಂದರು.

"ಕೇಳವ್ರು ಎದ್ರ ಗ್ವಾಡಿ ಬಿತ್ತು," ಎಂದು ಗುರುಪಾದಪ್ಪ ಕಟ್ಟಳೆ ಎತ್ತಿದರು. ದನಿ ಸ್ವಲ್ಪ ಕೆಳಗಿತ್ತು.

"ಕೇಳವ್ರು ಎದ್ರ ಬೀಳತೈತಿ. ಆಡವ್ರು ನಿಂತ ಆಡೂದು," ಎಂದೆ. "ರಾಜ ನಿಮ್ಮ ಕಡೆ ನೋಡಾಕತ್ತಾನ. ಕೊಡಲಿ ಕೈಯಾಗ ತಗೊಂಡ. ಏನ್ ಮಾಡ್ತೀರಿ?"

ಗುರುಪಾದಪ್ಪ ನನ್ನನ್ನು ನೋಡಿದರು, ಗೋಡೆಯನ್ನು ನೋಡಿದರು, ಕೈಯಲ್ಲಿದ್ದ ಚಪ್ಪಲಿಯನ್ನು ನೋಡಿದರು.

"ಸುಣ್ಣಾ ಬಳೀತೀನಿ ಇವಂಗ," ಎಂದರು.

"ಬಳದ್ರಿ. ಎಲುಬು ಮೊದಲ ಬೆಳ್ಳಗಿತ್ತು. ಇನ್ನೂ ಚಂದ ಕಾಣಾಕತ್ತಾನ."

ನಗು ಹಿಂದಿನ ಸಾಲಿನಿಂದ ಎದ್ದು ಮುಂದಿನವರೆಗೆ ಬಂತು. ಅವರ ಕಿವಿ ಕೆಂಪಾಯಿತು. ಮರ್ಯಾದೆಯ ಮಾತಾಗಿತ್ತು ಅದು ಈಗ. ಅವರು ಗೋಡೆಯ ಹತ್ತಿರಕ್ಕೆ ನಡೆದು ಹೋಗಿ, ತಲೆಯೆತ್ತಿ, ಕಮಿಟಿಯ ಮುಂದೆ ಬಂದ ಯಾರನ್ನಾದರೂ ಮೊದಲು ಕೇಳುವ ಪ್ರಶ್ನೆಯನ್ನೇ ಕೇಳಿದರು.

"ಲೇ ತಮ್ಮಾ, ನೀ ಯಾವ ಓಣಿಯಾಂವ?"

ನಾನು ಅದಕ್ಕೆ ಸಿದ್ಧಳಾಗಿರಲಿಲ್ಲ. ಇಲ್ಲಿಯವರೆಗೆ ಅವನನ್ನು ಹೊಡೆದವರಿದ್ದರು, ಅವನಿಗೆ ಕೈಮುಗಿದವರಿದ್ದರು. ನೀನು ಯಾರು ಎಂದು ಕೇಳಿದವರು ಇರಲಿಲ್ಲ, ನಾನೂ ಸೇರಿ. ಕವಡೆ ಕೊಟ್ಟೆ. ಅವರು ಹಾಕಿದರು. ಬಾಯಿ ಮೇಲಾದವೇ ಹೆಚ್ಚು. ರಾಜ ಮಾತನಾಡಲೇಬೇಕಿತ್ತು, ಹಾಗಾಗಿ ನಾನು ಮಾತನಾಡಿದೆ.

"ನನಗ ಓಣಿ ಇಲ್ಲ. ಈ ಬಾಗಿಲಾ ಕಾಯಾಕ ಕುಂದರ್ಸಿದ್ರು. ಯಾರು ಕುಂದರ್ಸಿದ್ರೋ ಅವ್ರು ಸತ್ತಾರ. ನಾನೂ ಸತ್ತೀನಿ. ಬಾಗಿಲಾ ಮಾತ್ರ ಹಾಕೇ ಐತಿ."

"ಒಳಗ ಯಾರದಾರ?"

"ನನಗೂ ಗೊತ್ತಿಲ್ಲ. ತೆಗದು ನೋಡಿಲ್ಲ."

ಗುರುಪಾದಪ್ಪ ಬಾಗಿಲನ್ನೊಮ್ಮೆ ನೋಡಿದರು. ಅವರ ಮುಖ ನನಗೆ ಕಾಣುತ್ತಿರಲಿಲ್ಲ, ಬೆನ್ನು ಕಾಣುತ್ತಿತ್ತು. ಆಮೇಲೆ ಅವರು ಮಾತನಾಡಿದ್ದು ರಾಜನ ಜೊತೆಗೆ, ನಮ್ಮ ಜೊತೆಗಲ್ಲ.

"ಸತ್ತ ಮ್ಯಾಲೂ ಡ್ಯೂಟಿ ಮಾಡ್ತಾನಲ್ಲೋ ಇಂವ. ಏಳೋ ಮಾರಾಯಾ. ಸರಿ ಅತ್ಲಾಗ. ನಿನ್ನ ಜೊತಿ ನಮ್ಮ ಜಗಳಿಲ್ಲ, ಬಾಗಿಲ ಜೊತಿ ಐತಿ. ಎವ್ವಾ ಸತ್ಯವ್ವಾ, ಆ ಗಂಟಿ ಹೊತಗೊಂಡು ಬಂದಿಯಲ್ಲ, ತಾ ಇಲ್ಲಿ. ಅದನ್ನ ಬಾಗಲಿಗೆ ಬಡೀಬೇಕು."

"ಒಬ್ಬರ ಕೈಲೆ ಎತ್ತಾಕಾಗಂಗಿಲ್ರಿ," ಎಂದಳು ಸತ್ಯವ್ವ. "ಊರ ಗಂಟಿ ಅದು. ಊರ ಎತ್ತಬೇಕು."

ಗುರುಪಾದಪ್ಪ ಬಯಲಿನ ಕಡೆ ತಿರುಗಿದರು. "ಏನ್ ನೋಡ್ತೀರಿ ಕುಂತು? ಬರ್ರಲೇ."

ಮೊದಲು ನೀಲಮ್ಮ ಎದ್ದರು. "ನಾ ಬರ್ತೀನಿ," ಎಂದರು, ಸೆರಗು ಸಿಕ್ಕಿಸಿಕೊಂಡು. ಮಿರ್ಚಿಯವಳು ಒಲೆ ಆರಿಸಿ ಬರ್ತೀನಿ ಎಂದಳು. ನಮ್ಮ ಹಾಸ್ಟೆಲಿನ ಹುಡುಗಿಯರು ಒಟ್ಟಿಗೆ ಎದ್ದರು, ಪೇಟೆಯವರು ಎದ್ದರು, ಅಳುತ್ತಿದ್ದ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಅದರ ತಾಯಿ ಎದ್ದಳು. ಬರ್ತೀನಿ, ಬರ್ತೀವಿ, ನಾವೂ ಬರ್ತೀವಿ. ಒಂದೊಂದೂ ನಡೆ. ನಮ್ಮ ಬೀಗದ ಕೈ ಹಿಡಿದು ಗೇಟಿನ ಹತ್ತಿರ ಕಾಯುತ್ತಿದ್ದ ವಾಚ್‌ಮನ್ ಕೂಡ ಬರ್ತೀನಿ ಅಂದ. ಚಾಪೆಗಳು ಖಾಲಿಯಾದವು. ಕೇಳುವವರೆಂದು ಹೇಳಲಿಕ್ಕೆ ಒಬ್ಬರೂ ಉಳಿದಿರಲಿಲ್ಲ.

"ಕೊಟ್ರಾ," ಎಂದರು ಗುರುಪಾದಪ್ಪ, "ಕೋಲು ಎತ್ತಿ ಹಿಡಕೊಂಡು ಏನ್ ಮಾಡ್ತಿ? ಬಾರ್ಸು. ಎಷ್ಟು ಜೋರು ಬರತೈತೋ ಅಷ್ಟು ಜೋರು ಬಾರ್ಸು."

ಕೊಟ್ರಪ್ಪ ಬಾರಿಸಿದ. ಊರಿನ ಇಷ್ಟೂ ವರ್ಷದ ಮೆತ್ತನೆಯ ಸಂಜೆಗಳು ಆ ಒಂದು ಬಡಿತಕ್ಕೆ ಹಾರಿಹೋದವು. ಮೆಹರು ಓಟ ಹಿಡಿದಳು. ನಾನು ಗಂಟಲು ಹರಿಯುವಂತೆ ದಾರಿ ಕೂಗಿದೆ: ಗಂಟೆ ಮೇಲೆದ್ದಿತು, ಹಿಂದಕ್ಕೆ ತೂಗಿತು, ರಾಜ ಕೊಡಲಿಯನ್ನು ಬಿಸಾಕಿ ಎಲುಬಿನ ಹೆಗಲು ಕೊಟ್ಟ, ಬಂತು, ಬಂತು. ಗುರುಪಾದಪ್ಪ ಚಪ್ಪಲಿಯನ್ನು ಎಡಗೈಗೆ ವರ್ಗಾಯಿಸಿ ಬಲಗೈಯಲ್ಲಿ ಕವಡೆ ಎಸೆದರು. ಜನ ಬಗ್ಗಿದರು. ನೆಲದ ಮೇಲೆ ಬಿದ್ದ ಕವಡೆಗಳಲ್ಲಿ ಒಂದೂ ಬೋರಲಾಗಿರಲಿಲ್ಲ.

ನಾನು ಬಾಗಿಲು ಬಿತ್ತು ಎಂದು ಹೇಳಬೇಕಿತ್ತು. ಹೇಳುವ ಮೊದಲೇ ಊರು ಹೇಳಿತು. ಆ ಕೂಗೂ ಹಾಡಿನೊಳಗೆ ಸೇರಿಕೊಂಡಿರಬೇಕು, ಯಾಕೆಂದರೆ ನಮ್ಮ ಕಣ್ಣೆದುರಿಗೇ ಗೋಡೆಯ ಬಲಗಡೆ ಅಲುಗಾಡಿತು. ಕಬ್ಬಿಣದ ಬಾಗಿಲು ನೆಲಕ್ಕೆ ಮಲಗಿತು. ಅದರ ಹಿಂದೆ ನಾನು ಊಹಿಸದೇ ಇದ್ದ ದೇಶ ಬಿಚ್ಚಿಕೊಂಡಿತು: ಕರಗಿದ ತಾಮ್ರದ ಹೊಳೆ, ರೆಕ್ಕೆಯಿರುವ ಆನೆಗಳು, ಮೋಡದವರೆಗೆ ಏರಿದ ಮೆಟ್ಟಿಲು. ಒಂದು ವರ್ಷ ಆಡಿದರೂ ಮುಗಿಯದಷ್ಟು. ಮುರಿದ ಬಾಗಿಲಿನ ಮೇಲೆ, ಎಲ್ಲರಿಗಿಂತ ಮುಂದೆ, ಶಲ್ಯ ಗಾಳಿಗೆ ಹಾರಿಸಿಕೊಂಡು, ಒಂದು ಚಪ್ಪಲಿಯನ್ನು ಆಕಾಶಕ್ಕೆ ಎತ್ತಿ ಹಿಡಿದು ಒಬ್ಬ ಮುದುಕ ನಿಂತಿದ್ದ. ಅವನ ಪಕ್ಕದಲ್ಲಿ ಎಲುಬಿನ ರಾಜ.

ಸದ್ದು ಇಳಿಯಿತು. ಕೊಟ್ರಪ್ಪನ ಅಂಗಿ ಮೈಗೆ ಅಂಟಿಕೊಂಡಿತ್ತು. ಗುರುಪಾದಪ್ಪ ಏದುಸಿರು ಬಿಡುತ್ತಾ ಗೋಡೆಯ ಹತ್ತಿರ ಹೋದರು. ಮುದುಕನ ಮುಖವನ್ನು ಹತ್ತಿರದಿಂದ ನೋಡಿದರು, ಹಿಂದೆ ಸರಿದು ದೂರದಿಂದ ನೋಡಿದರು, ನೀಲಮ್ಮನನ್ನು ಕರೆದು ತೋರಿಸಿದರು. ಕಮಿಟಿಯ ಇನ್ನೊಬ್ಬ ಸದಸ್ಯ ಬಂದು, ಹೆಂಗ್ರಿ, ಸುಣ್ಣದ್ದು ಏನು ಮಾಡೂಣು, ಎಂದು ಕೇಳಿದ. ಅವರಿಗೆ ಕೇಳಿಸಲೇ ಇಲ್ಲ.

"ದಾಕ್ಷಾಯಣಿ," ಎಂದರು. ನನ್ನ ಪೂರ್ತಿ ಹೆಸರು ಅವರಿಗೆ ಗೊತ್ತಿದೆ ಎಂದು ನನಗೆ ತಿಳಿದದ್ದೇ ಆಗ. "ಎಲ್ಲಾ ಬರೋಬರಿ ಐತಿ. ಆದ್ರ ನನ್ನ ಮೂಗು ಇಷ್ಟು ಸೊಟ್ಟ ಇಲ್ಲ. ಇನ್ನೊಮ್ಮಿ ಬಾರಸಾಕ ಹೇಳು."